ಗುಂಡ್ಲುಪೇಟೆಯ ದಾರಿಯಲ್ಲಿ ಎಂಜಿನ್ನಿನ ಉಸಿರು

ಮೈಸೂರಿನಿಂದ ನಂಜನಗೂಡಿನ ಕಡೆಗೆ ಹೊರಟ ಹೆದ್ದಾರಿಯು ನಗರದ ಕಟ್ಟಡಗಳನ್ನು ಹಿಂದಕ್ಕೆ ಬಿಟ್ಟ ಕೆಲವೇ ನಿಮಿಷಗಳಲ್ಲಿ ಮಂಡಕಳ್ಳಿಯನ್ನು ಮುಟ್ಟುತ್ತದೆ. ಅರಸರ ಕಾಲದ ಇಲ್ಲಿಯ ವಿಮಾನ ನಿಲ್ದಾಣಕ್ಕೆ 2010ರಲ್ಲಿ ಹೊಸ ಕಟ್ಟಡ ಬಂದಿತು. ದೊಡ್ಡ ವಿಮಾನಗಳ ಜೊತೆಗೆ ಹಾರಾಟ ಕಲಿಯುವವರ ಪುಟ್ಟ ವಿಮಾನಗಳೂ ಇಲ್ಲಿಂದ ಏಳುವುದುಂಟು. ರಸ್ತೆಯ ಮೇಲೆ ಹೊರೆ ಹೊತ್ತ ಲಾರಿ. ಬೇಲಿಯ ಆಚೆ ಮೇಲೇರಲು ಸಿದ್ಧವಾದ ವಿಮಾನ. ಒಂದು ನೆಲವನ್ನು ಕಚ್ಚಿಕೊಂಡು ಘಟ್ಟ ಹತ್ತುವುದು. ಇನ್ನೊಂದು ಗಾಳಿಯನ್ನು ನಂಬಿ ಬಾನಿಗೆ ಏರುವುದು. ಆದರೆ ಎರಡಕ್ಕೂ ಇರುವ ತೊಡಕು ಒಂದೇ: ಒಡಲಲ್ಲಿ ಹೊತ್ತಿಸಿಕೊಂಡ ಬೆಂಕಿಯ ಕಾವನ್ನು ಹೊರಗೆ ಕಳಿಸುವುದು ಹೇಗೆ?

ಎಂಜಿನ್ನು ಎಂಬುದು ಮೂಲತಃ ಒಂದು ಒಲೆ. ಅದು ಉರಿಸುವ ಪೆಟ್ರೋಲಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಗಾಲಿಯನ್ನೋ ಪ್ರೊಪೆಲರನ್ನೋ ತಿರುಗಿಸುವ ಕೆಲಸಕ್ಕೆ ದಕ್ಕುತ್ತದೆ. ಉಳಿದುದೆಲ್ಲ ಬಿಸಿಯಾಗಿ ಕೆಲವಂಶ ಹೊಗೆಯ ಕೊಳವೆಯಲ್ಲಿ ಹೋಗುತ್ತದೆ, ಕೆಲವಂಶ ಎಂಜಿನ್ನಿನ ಮೈಯಲ್ಲಿಯೇ ನಿಲ್ಲುತ್ತದೆ. ಹೀಗೆ ನಿಂತ ಬಿಸಿಯನ್ನು ಗಾಳಿಯು ಕೊಂಡೊಯ್ಯಬೇಕು. ಆ ಗಾಳಿಗೆ ದಾರಿ ತೋರಿಸುವುದು ಎಂಜಿನ್ನಿನ ಮೇಲ್ಕವಚ. ಮೋಟಾರಿನವರು ಅದನ್ನು ಬಾನೆಟ್ ಎನ್ನುವರು, ವಿಮಾನದವರು ಕೌಲಿಂಗ್ ಎನ್ನುವರು. ನೋಡುವವರ ಕಣ್ಣಿಗೆ ಅದು ಮಳೆ ಧೂಳುಗಳಿಂದ ಕಾಪಾಡುವ ಮುಚ್ಚಳ ಮಾತ್ರ. ಎಂಜಿನ್ನಿನ ಪಾಲಿಗೆ ಅದೇ ಮೂಗು.

ಪುಟ್ಟ ವಿಮಾನಗಳನ್ನು ಕಾರ್ಖಾನೆಯಲ್ಲಲ್ಲದೆ ಮನೆಯ ಕೊಟ್ಟಿಗೆಯಲ್ಲಿಯೋ ತಾರಸಿಯ ಮೇಲೆಯೋ ತಮ್ಮ ಕೈಯಿಂದಲೇ ಕಟ್ಟುವ ಸಾಹಸಿಗಳು ಜಗತ್ತಿನಲ್ಲಿ ಸಾವಿರಾರು ಮಂದಿ ಇದ್ದಾರೆ. ನಮ್ಮ ದೇಶದಲ್ಲಿಯೂ ಇಲ್ಲದಿಲ್ಲ. ಮುಂಬಯಿಯ ವಿಮಾನ ಚಾಲಕ ಅಮೋಲ್ ಯಾದವ್ ಅವರು ತಮ್ಮ ಮನೆಯ ತಾರಸಿಯ ಮೇಲೆ ಕಟ್ಟಿದ ಆರು ಆಸನಗಳ ವಿಮಾನವನ್ನು 2016ರಲ್ಲಿ ಜನರ ಮುಂದೆ ತಂದು ನಿಲ್ಲಿಸಿದರು. ಹೀಗೆ ಕಟ್ಟಿದ ವಿಮಾನ ಮೊದಲ ಸಲ ಹಾರಿದ ಮೇಲೆ, ಕಟ್ಟಿದವನಿಗೆ ಮತ್ತೆ ಮತ್ತೆ ತಲೆನೋವು ತರುವ ಸಂಗತಿಗಳಲ್ಲಿ ಮುಖ್ಯವಾದುದು ಈ ಕೌಲಿಂಗ್. ಎಂಜಿನ್ನು ಕಾಯುತ್ತದೆ, ಆತ ಕವಚವನ್ನು ತೆಗೆದು ಕತ್ತರಿಸಿ ತಿದ್ದುತ್ತಾನೆ, ಮತ್ತೆ ಹಾರುತ್ತಾನೆ. ಆ ತಿದ್ದುಪಡಿಯ ಮರ್ಮವನ್ನು ಅರಿಯಲು ದೂರದ ದೇಶಕ್ಕೆ ಹೋಗಬೇಕಾದುದಿಲ್ಲ. ಮಂಡಕಳ್ಳಿಯಿಂದ ಮುಂದೆ ಗುಂಡ್ಲುಪೇಟೆ, ಅಲ್ಲಿಂದ ಚಾಮರಾಜನಗರ: ಈ ದಾರಿಯನ್ನು ಕಣ್ಣು ತೆರೆದು ಸಾಗಿದರೆ ಸಾಕು.

ಮೂರು ಸೀಮೆಗಳ ಕೂಡುದಾರಿ

ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿ, ಬೇಗೂರನ್ನು ಹಾದು, ಮೈಸೂರಿನಿಂದ ಸುಮಾರು 60 ಕಿಲೋಮೀಟರು ಬಂದರೆ ಗುಂಡ್ಲುಪೇಟೆ. ಹಿಂದೆ ವಿಜಯಪುರವೆಂಬ ಹೆಸರು ಪಡೆದಿದ್ದ ಊರಿದು. ವಿಜಯನಾರಾಯಣನ ಗುಡಿ ಆ ಹೆಸರಿನ ನೆನಪನ್ನು ಉಳಿಸಿಕೊಂಡಿದೆ. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ಇದ್ದುದು ಹತ್ತಿರದ ಹಂಗಳದಲ್ಲಿ. ತಂದೆಯ ನೆನಪಿಗಾಗಿ ಅವರು ಕಟ್ಟಿಸಿದ ಪರವಾಸುದೇವನ ದೇವಾಲಯ ಇಲ್ಲಿಯೇ ಇದೆ.

ಆಷಾಢದ ಹೊತ್ತಿಗೆ ಈ ಸೀಮೆಯನ್ನು ನೋಡಬೇಕು. ಪಶ್ಚಿಮದ ವಯನಾಡಿನ ಮೇಲೆ ಮಳೆಯನ್ನೆಲ್ಲ ಸುರಿಸಿ ಹಗುರವಾದ ಗಾಳಿಯು ಇತ್ತ ಬೀಸುವಾಗ ನೀರಿಗಿಂತ ಸದ್ದೇ ಹೆಚ್ಚು. ರಸ್ತೆಯ ಎರಡು ಮಗ್ಗುಲಲ್ಲಿಯೂ ಸೂರ್ಯಕಾಂತಿ, ಚೆಂಡುಹೂಗಳ ಹೊಲಗಳು. ಹಳದಿ, ಕಿತ್ತಳೆ ಬಣ್ಣಗಳ ಆ ಹಾಸಿನ ಮೇಲೆ ಗಾಳಿಯು ಅಲೆ ಅಲೆಯಾಗಿ ಓಡುವುದು ಕಣ್ಣಿಗೇ ಕಾಣಿಸುತ್ತದೆ. ಗಾಳಿಯ ಹೆಜ್ಜೆಯನ್ನು ಕಾಣಬಯಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ವಿಮಾನ ಕಟ್ಟುವವರು ಮಾಡುವುದೂ ಇದನ್ನೇ. ಕವಚದ ಮೇಲೆ ಉಣ್ಣೆಯ ದಾರದ ಚಿಕ್ಕ ತುಂಡುಗಳನ್ನು ಸಾಲುಸಾಲಾಗಿ ಅಂಟಿಸಿ, ಹಾರುವಾಗ ಅವುಗಳ ಚಿತ್ರ ತೆಗೆಯುತ್ತಾರೆ. ದಾರವು ಮೈಗೆ ಒರಗಿ ಹಿಂದಕ್ಕೆ ನೆಟ್ಟಗೆ ಮಲಗಿದ್ದರೆ ಅಲ್ಲಿ ಗಾಳಿ ಸರಾಗವಾಗಿ ಹರಿಯುತ್ತಿದೆ. ಅಡ್ಡಾದಿಡ್ಡಿ ಕುಣಿಯುತ್ತಿದ್ದರೆ ಅಲ್ಲಿ ಸುಳಿ ಎದ್ದಿದೆ.

ಗುಂಡ್ಲುಪೇಟೆಯಲ್ಲಿ ದಾರಿ ಕವಲಾಗುತ್ತದೆ. ಒಂದು ಸುಲ್ತಾನ್ ಬತ್ತೇರಿಯ ಮೂಲಕ ಕಲ್ಲಿಕೋಟೆಗೆ, ಇನ್ನೊಂದು ಬಂಡೀಪುರದ ಕಾಡಿನ ಮೂಲಕ ಊಟಿಗೆ, ಮತ್ತೊಂದು ತೆರಕಣಾಂಬಿಯ ಮೂಲಕ ಚಾಮರಾಜನಗರಕ್ಕೆ. ಕಾಡಿನ ಪ್ರಾಣಿಗಳ ರಕ್ಷಣೆಗಾಗಿ 2009ರಿಂದ ರಾತ್ರಿ 9 ಗಂಟೆಯಿಂದ ಬೆಳಗಿನ 6ರವರೆಗೆ ಬಂಡೀಪುರದ ಎರಡು ಹೆದ್ದಾರಿಗಳಲ್ಲಿಯೂ ವಾಹನ ಸಂಚಾರಕ್ಕೆ ತಡೆ ಇದೆ. ಆದ್ದರಿಂದ ನಸುಕಿನಲ್ಲಿ ಕಾಡಿನ ಬಾಗಿಲ ಬಳಿ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಅವುಗಳ ಮುಂದೆ ಇರುವುದು ಸಾಮಾನ್ಯವಾದ ದಾರಿಯಲ್ಲ. ಕಲ್ಲಿಕೋಟೆಯ ದಾರಿಯಲ್ಲಿ ತಾಮರಶ್ಶೇರಿ ಘಟ್ಟದ 9 ಕಡಿದಾದ ತಿರುವುಗಳು. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ದಾರಿಯಲ್ಲಿ 36. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟದಲ್ಲಿ 27.

ಘಟ್ಟ ಕಲಿಸಿದ ಪಾಠ

ಘಟ್ಟ ಹತ್ತುವಾಗ ಎಂಜಿನ್ನು ಹೆಚ್ಚು ದುಡಿಯುತ್ತದೆ, ಗಾಡಿ ಮಾತ್ರ ನಿಧಾನವಾಗಿ ಸಾಗುತ್ತದೆ. ಎಂದರೆ ಬಿಸಿ ಹೆಚ್ಚು, ಎದುರಿನಿಂದ ಬರುವ ಗಾಳಿ ಕಡಿಮೆ. ಮೇಲೇರಿದಂತೆ ನೀರು ಕುದಿಯಲು ಬೇಕಾದ ಬಿಸಿಯೂ ಇಳಿಯುತ್ತದೆ. ಸಮುದ್ರದ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಊಟಿಯ ಎತ್ತರದಲ್ಲಿ ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಈಗಿನ ರೇಡಿಯೇಟರಿನ ಬಿಗಿ ಮುಚ್ಚಳವು ಒಳಗಿನ ಒತ್ತಡವನ್ನು ಹೆಚ್ಚಿಸಿ ಈ ಕುದಿತವನ್ನು ತಡೆಹಿಡಿಯುತ್ತದೆ. ಅಂಥ ಅನುಕೂಲವಿಲ್ಲದ ಹಳೆಯ ಬಸ್ಸುಗಳ ಕಾಲದಲ್ಲಿ ತಿರುವು ತಿರುವಿಗೂ ನಿಲ್ಲುವುದು, ಆವಿ ಆರುವವರೆಗೆ ಕಾಯುವುದು, ಡಬ್ಬದಿಂದ ನೀರು ಹೊಯ್ಯುವುದು ಪ್ರಯಾಣದ ಒಂದು ಅಂಗವೇ ಆಗಿದ್ದಿತು.

ಬಾನೆಟ್ಟನ್ನು ಅರೆ ತೆರೆದು ಏರುವುದೂ ಆ ಕಾಲದ ಉಪಾಯಗಳಲ್ಲೊಂದು. ಇದರಲ್ಲಿ ಒಂದು ಸ್ವಾರಸ್ಯವಿದೆ. ಗಾಡಿಯು ತೆವಳುತ್ತ ಏರುವಾಗ ಬಾನೆಟ್ಟಿನ ಹಿಂದಿನ ಅಂಚನ್ನು ಎತ್ತಿದರೆ ಬಿಸಿಗಾಳಿ ತಾನಾಗಿ ಮೇಲಕ್ಕೆದ್ದು ಹೊರಗೆ ಹೋಗುತ್ತದೆ, ಎಂಜಿನ್ನಿಗೆ ಹಿತವಾಗುತ್ತದೆ. ಅದೇ ಗಾಡಿ ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಓಡುವಾಗ ಹಾಗೆಯೇ ಎತ್ತಿಟ್ಟರೆ ಫಲ ತಿರುವುಮುರುವಾಗುತ್ತದೆ. ಮುಂದಿನ ಗಾಜಿಗೆ ಬಡಿದ ಗಾಳಿಯು ಅದರ ಬುಡದಲ್ಲಿ ಒತ್ತಿ ನಿಲ್ಲುತ್ತದೆ. ಎತ್ತಿದ ಅಂಚಿನ ಸಂದಿಯ ಮೂಲಕ ಆ ಒತ್ತಡವು ಒಳಕ್ಕೆ ನುಗ್ಗಿ, ಹೊರಗೆ ಹೊರಟ ಬಿಸಿಗಾಳಿಯನ್ನು ಹಿಂದಕ್ಕೆ ನೂಕುತ್ತದೆ. ಬಾಗಿಲನ್ನು ತೆರೆದಿಟ್ಟರೂ ಅದು ತೆರೆದುದು ಸಲ್ಲದ ಕಡೆಗೆ. ಗಾಳಿಯು ತೂತಿನ ಗಾತ್ರವನ್ನಷ್ಟೇ ನೋಡಿ ಹರಿಯುವುದಿಲ್ಲ. ಒತ್ತಡ ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಹರಿಯುತ್ತದೆ.

ವಿಮಾನದ ಕೌಲಿಂಗಿನ ಶಾಸ್ತ್ರವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಗಾಳಿಯಿಂದಲೇ ತಂಪಾಗುವ ಎಂಜಿನ್ನಿನ ಸಿಲಿಂಡರುಗಳ ಮೈಮೇಲೆ ಒತ್ತೊತ್ತಾಗಿ ತೆಳ್ಳನೆಯ ಲೋಹದ ಏಣುಗಳಿರುತ್ತವೆ. ಪ್ರೊಪೆಲರಿನ ಎರಡು ಮಗ್ಗುಲಲ್ಲಿರುವ ಕಿಂಡಿಗಳಿಂದ ಒಳಬಂದ ಗಾಳಿಯು ಎಂಜಿನ್ನಿನ ಮೇಲುಗಡೆ ತುಂಬಿಕೊಳ್ಳುತ್ತದೆ. ಅಲ್ಯುಮಿನಿಯಂ ತಗಡುಗಳ ಅಡ್ಡಗೋಡೆಯೊಂದು ಆ ಮೇಲಿನ ಕೋಣೆಯನ್ನು ಕೆಳಗಿನ ಕೋಣೆಯಿಂದ ಬೇರ್ಪಡಿಸುತ್ತದೆ. ತಗಡಿಗೂ ಕವಚಕ್ಕೂ ನಡುವಣ ಸಂದನ್ನು ರಬ್ಬರಿನ ಪಟ್ಟಿ ಮುಚ್ಚುತ್ತದೆ. ಗಾಳಿಗೆ ಉಳಿದಿರುವ ದಾರಿ ಒಂದೇ: ಏಣುಗಳ ನಡುವೆ ನುಸುಳಿ, ಬಿಸಿಯನ್ನು ಹೊತ್ತು, ಕೆಳಗಿಳಿದು, ಹಿಂದಿನ ಕಿಂಡಿಯಿಂದ ಹೊರಬೀಳುವುದು. ಮೇಲೆ ಒತ್ತಡ ಹೆಚ್ಚಾಗಿಯೂ ಕೆಳಗೆ ಕಡಿಮೆಯಾಗಿಯೂ ಇರುವವರೆಗೆ ಈ ಹರಿವು ನಡೆಯುತ್ತದೆ.

ಎಂಜಿನ್ನು ಕಾದಾಗ ಹೊಸಬನು ಮೊದಲು ಮಾಡುವ ಕೆಲಸವೆಂದರೆ ಮುಂದಿನ ಕಿಂಡಿಯನ್ನು ದೊಡ್ಡದು ಮಾಡುವುದು. ಬಾಯಿ ದೊಡ್ಡದಾದರೆ ಉಸಿರು ಹೆಚ್ಚೀತೆಂದು ಅವನ ಎಣಿಕೆ. ಆದರೆ ಹೊರಹೋಗುವ ದಾರಿ ಇಕ್ಕಟ್ಟಾಗಿದ್ದರೆ ಒಳಬಂದ ಗಾಳಿ ಎಲ್ಲಿಗೆ ಹೋಗಬೇಕು? ಅದು ಕಿಂಡಿಯ ಬಾಯಲ್ಲೇ ತುಂಬಿ ನಿಂತು ಮುಂದಕ್ಕೇ ಉಕ್ಕುತ್ತದೆ. ವಿಮಾನದ ವೇಗ ಕುಗ್ಗುತ್ತದೆ. ಬಿಸಿ ಇದ್ದಲ್ಲಿಯೇ ಇರುತ್ತದೆ. ರಬ್ಬರಿನ ಪಟ್ಟಿ ಮಡಚಿಕೊಂಡು ಸಂದು ಬಿಟ್ಟಿದ್ದರಂತೂ ಗಾಳಿಯು ಏಣುಗಳ ಗೊಡವೆಗೇ ಹೋಗದೆ ಆ ಸಂದಿನಿಂದ ಸುಮ್ಮನೆ ಸೋರಿಹೋಗುತ್ತದೆ. ಬಲ್ಲವನು ಕತ್ತರಿ ಹಿಡಿಯುವ ಮುನ್ನ ಸಂದು ಹುಡುಕುತ್ತಾನೆ. ಕವಚದೊಳಗೆ ದೀಪವಿಟ್ಟು, ಬೆಳಕು ಎಲ್ಲೆಲ್ಲಿ ಸೋರುವುದೋ ಅಲ್ಲೆಲ್ಲ ಮುಚ್ಚುತ್ತಾನೆ. ಬಳಿಕ ಮೇಲಿನ ಕೋಣೆಗೊಂದು, ಕೆಳಗಿನದಕ್ಕೊಂದು ಸಣ್ಣ ಕೊಳವೆಯಿಟ್ಟು ಎರಡರ ಒತ್ತಡದ ಅಂತರವನ್ನು ಅಳೆಯುತ್ತಾನೆ. ಅಂತರ ಸಾಲದಿದ್ದರೆ ಆಗ ಹಿಂದಿನ ಕಿಂಡಿಯನ್ನು ತಿದ್ದುತ್ತಾನೆ: ಅಗಲಿಸುತ್ತಾನೆ, ಇಲ್ಲವೆ ಅದರ ಅಂಚಿಗೆ ಕೆಳಕ್ಕೆ ಬಾಗಿದ ತುಟಿಯೊಂದನ್ನು ಕೂಡಿಸುತ್ತಾನೆ. ಆ ತುಟಿಯ ಮರೆಯಲ್ಲಿ ಒತ್ತಡ ತಗ್ಗಿ ಒಳಗಿನ ಗಾಳಿಯನ್ನು ಹೊರಕ್ಕೆ ಸೆಳೆಯುತ್ತದೆ. ಕೆಲವು ವಿಮಾನಗಳಲ್ಲಿ ಇಲ್ಲಿ ಒಂದು ಪುಟ್ಟ ಕದವೇ ಉಂಟು. ಏರುವಾಗ ತೆರೆದು, ಸಮವಾಗಿ ಹಾರುವಾಗ ಮುಚ್ಚುವರು.

ಬೆಟ್ಟದ ಮೇಲಿನ ತೆಳುಗಾಳಿ

ಗುಂಡ್ಲುಪೇಟೆಗೆ ಬಂದವರು ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಏರದೆ ಹಿಂದಿರುಗುವುದು ವಿರಳ. ಇದರ ಎತ್ತರ 1454 ಮೀಟರು. ಸ್ವಂತ ವಾಹನಗಳನ್ನು ಬುಡದಲ್ಲಿಯೇ ನಿಲ್ಲಿಸಿ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೆ ಹೋಗಬೇಕು. ಕಾಡಿನ ನಡುವೆ ಕಡಿದಾದ ದಾರಿಯಲ್ಲಿ ಕೆಳಗಿನ ಗೇರಿನಲ್ಲಿ ನರಳುತ್ತ ಏರಿದ ಬಸ್ಸು ನಿಂತಾಗ, ಮಂಜು ಬಂದು ಗುಡಿಯನ್ನೂ ಜನರನ್ನೂ ಒಂದೇ ಮುಸುಕಿನಲ್ಲಿ ಸುತ್ತುತ್ತದೆ. ಇಷ್ಟು ತಂಪಿನಲ್ಲಿ ಎಂಜಿನ್ನಿಗೆ ಯಾವ ಭಯ ಎಂದು ತೋರಬಹುದು. ಆದರೆ ಈ ಎತ್ತರದಲ್ಲಿ ಗಾಳಿಯ ಸಾಂದ್ರತೆಯು ಸಮುದ್ರದ ಮಟ್ಟದಲ್ಲಿರುವುದರ ನೂರಕ್ಕೆ ಸುಮಾರು 87 ಪಾಲು ಮಾತ್ರ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಅದು ಇನ್ನೂ ತೆಳುವಾಗುತ್ತದೆ. ಗಾಳಿ ತೆಳುವಾದಷ್ಟೂ ಒಂದು ಸಲಕ್ಕೆ ಅದು ಹೊತ್ತೊಯ್ಯುವ ಬಿಸಿಯ ಮೂಟೆ ಚಿಕ್ಕದು. ಕಡಲ ತೀರದಲ್ಲಿ ಸುಖವಾಗಿದ್ದ ವಿಮಾನವು ಮೈಸೂರಿನ ಪ್ರಸ್ಥಭೂಮಿಯ ಬೇಸಗೆಯಲ್ಲಿ ಕಾಯುವುದಕ್ಕೆ ಇದು ಒಂದು ಕಾರಣ.

ಬಸ್ಸು ಕಾದರೆ ನೆರಳಿನಲ್ಲಿ ನಿಲ್ಲಬಹುದು. ವಿಮಾನಕ್ಕೆ ನಿಲ್ಲುವ ತಾಣವಿಲ್ಲ. ಪುಟ್ಟ ವಿಮಾನಗಳಲ್ಲಿ ಬಹಳ ಬಳಕೆಯಲ್ಲಿರುವ ಲೈಕಮಿಂಗ್ ಎಂಜಿನ್ನುಗಳ ಸಿಲಿಂಡರಿನ ತಲೆಯ ಬಿಸಿಗೆ 260 ಡಿಗ್ರಿ ಸೆಂಟಿಗ್ರೇಡು ಕಡೆಯ ಮಿತಿ. ಬಹುಕಾಲ ಬಾಳಬೇಕಾದರೆ ಅದಕ್ಕಿಂತ ಸಾಕಷ್ಟು ಕೆಳಗೇ ಇರಬೇಕು. ಮಿತಿ ಮೀರಿದರೆ ಲೋಹ ಸೊರಗುತ್ತದೆ, ಶಕ್ತಿ ಕುಂದುತ್ತದೆ. ಅದೂ ಕುಂದುವುದು ನೆಲವನ್ನು ಬಿಟ್ಟು ಏರುತ್ತಿರುವ ಹೊತ್ತಿನಲ್ಲಿ, ಶಕ್ತಿಯ ಅಗತ್ಯ ಅತಿ ಹೆಚ್ಚಾಗಿರುವಾಗ. ಕಾರ್ಖಾನೆಯ ವಿಮಾನದ ಕವಚವನ್ನು ರೂಪಿಸಿದವರೊಬ್ಬರು, ಅದರ ಹಿಂದೆ ಕುಳಿತು ಹಾರುವವರು ಇನ್ನೊಬ್ಬರು. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಕತ್ತರಿ ಹಿಡಿದವನೇ ಪ್ರಾಣವನ್ನು ಒತ್ತೆಯಿಡುವವನು. ಆದುದರಿಂದಲೇ ಅನುಭವಿಗಳು ಒಂದು ನೇಮವನ್ನು ಬಿಡುವುದಿಲ್ಲ: ಒಂದು ಸಲಕ್ಕೆ ಒಂದೇ ತಿದ್ದುಪಡಿ. ಎರಡನ್ನು ಕೂಡಿಸಿ ಮಾಡಿದರೆ ಗುಣವೋ ದೋಷವೋ ಯಾವುದರಿಂದ ಬಂದಿತೆಂದು ತಿಳಿಯುವಂತಿಲ್ಲ. ಹೊಸ ಆಕಾರವನ್ನು ಮೊದಲು ರಟ್ಟಿನಲ್ಲಿ ಮಾಡಿ ನೋಡಿ, ಆಮೇಲೆ ಗಾಜಿನ ನಾರಿನ ಬಟ್ಟೆ ಮತ್ತು ರಾಳದಲ್ಲಿ ಎರಕ ತೆಗೆಯುತ್ತಾರೆ. ಹೊಗೆಯ ಕೊಳವೆಗೂ ಈ ರಾಳದ ಕವಚಕ್ಕೂ ಸಾಕಷ್ಟು ಅಂತರವಿದೆಯೆ, ತಿರುಪುಗಳು ಬಿಗಿಯಾಗಿವೆಯೆ ಎಂದು ಮತ್ತೆ ಮತ್ತೆ ನೋಡುತ್ತಾರೆ. ಮೊದಲ ಹಾರಾಟಗಳನ್ನು ನಿಲ್ದಾಣದ ನೆತ್ತಿಯ ಮೇಲೆಯೇ ಸುತ್ತುತ್ತ ಮುಗಿಸುತ್ತಾರೆ.

ದೊಡ್ಡವರೂ ಹೀಗೆಯೇ ತಡವರಿಸಿ ಕಲಿತರು. 1928ರಲ್ಲಿ ಅಮೆರಿಕದ ಲ್ಯಾಂಗ್ಲಿ ಪ್ರಯೋಗಶಾಲೆಯಲ್ಲಿ ಫ್ರೆಡ್ ವೀಕ್ ಮತ್ತು ಅವರ ಸಂಗಡಿಗರು ಬಯಲಾಗಿ ನಿಲ್ಲುತ್ತಿದ್ದ ವರ್ತುಲ ಎಂಜಿನ್ನಿಗೆ ಪೂರ್ತಿಯಾದ ಕವಚ ತೊಡಿಸಿದರು. ಮೊದಲು ಎಂಜಿನ್ನು ಸರಿಯಾಗಿ ತಂಪಾಗಲಿಲ್ಲ. ಒಳಗಿನ ತಗಡುಗಳನ್ನು ಬೇರೆ ಬೇರೆ ಬಗೆಯಲ್ಲಿ ಬಾಗಿಸಿ ತಿದ್ದುತ್ತ ಹೋದ ಮೇಲೆ ಬಿಸಿ ಹತೋಟಿಗೆ ಬಂದಿತು. ಆ ಕವಚವನ್ನು ಕರ್ಟಿಸ್ ಹಾಕ್ ವಿಮಾನಕ್ಕೆ ತೊಡಿಸಿದಾಗ ಗಂಟೆಗೆ 118 ಮೈಲಿಯಿದ್ದ ಅದರ ವೇಗ 137 ಮೈಲಿಗೆ ಏರಿತು! ಎಂಜಿನ್ನಿಗೆ ಒಂದು ಕುದುರೆಯ ಬಲವನ್ನೂ ಕೂಡಿಸದೆ, ಗಾಳಿಯ ದಾರಿಯನ್ನು ತಿದ್ದಿದುದರ ಫಲವಿದು. 1929ರ ಕೋಲಿಯರ್ ಪಾರಿತೋಷಕ ಈ ಕೆಲಸಕ್ಕೇ ಸಂದಿತು.

ಆಲೆಮನೆಯ ಒಲೆ

ಗುಂಡ್ಲುಪೇಟೆಯಿಂದ ಮೂಡಲಿಗೆ ಹೊರಳಿದರೆ ಹಳೆಯ ಗುಡಿಗಳ ಊರಾದ ತೆರಕಣಾಂಬಿ. ಮುಂದೆ ಅರಿಶಿನ, ಬಾಳೆ, ಕಬ್ಬುಗಳ ಹೊಲಗಳು. ಈ ಜಿಲ್ಲೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕುದಿಯುವ ಕಾಲಕ್ಕೆ ಹೋದವರು ಒಲೆಯ ರಚನೆಯನ್ನು ಗಮನಿಸಬೇಕು. ಕೊಪ್ಪರಿಗೆಯ ಕೆಳಗೆ ಬೆಂಕಿ. ಒಂದು ಕೊನೆಯಲ್ಲಿ ಕಬ್ಬಿನ ಸಿಪ್ಪೆ ತುರುಕುವ ಬಾಯಿ. ಇನ್ನೊಂದು ಕೊನೆಯಲ್ಲಿ ಎತ್ತರದ ಹೊಗೆಗೂಡು. ಒಲೆ ಸರಿಯಾಗಿ ಉರಿಯದಿದ್ದರೆ ಅನುಭವಸ್ಥನು ಬಾಯಿಯನ್ನು ಒಡೆದು ಅಗಲಿಸುವುದಿಲ್ಲ. ಹೊಗೆಗೂಡಿನಲ್ಲಿ ಮಸಿ ಕಟ್ಟಿದೆಯೋ ಎಂದು ನೋಡುತ್ತಾನೆ, ಗೋಡೆಯಲ್ಲಿ ಬಿರುಕಿದ್ದರೆ ಮಣ್ಣು ಮೆತ್ತುತ್ತಾನೆ. ಹೊಗೆಗೂಡು ಸೆಳೆದರೆ ಬಾಯಿ ತಾನಾಗಿ ಉಣ್ಣುತ್ತದೆ. ವಿಮಾನ ಕಟ್ಟುವವರು ಅಳತೆಯ ಕೊಳವೆಗಳಿಂದ ಅರಿತುದನ್ನು ಆಲೆಮನೆಯವನು ಹೊಗೆಯ ಬಣ್ಣದಿಂದಲೇ ಅರಿಯುತ್ತಾನೆ.

ಗುಂಡ್ಲುಪೇಟೆಯಿಂದ ಸುಮಾರು 35 ಕಿಲೋಮೀಟರಿಗೆ ಚಾಮರಾಜನಗರ. ಅರಿಕುಠಾರವೆಂಬ ಹಳೆಯ ಊರಿದು. ಇಲ್ಲಿ 1774ರಲ್ಲಿ ಹುಟ್ಟಿದ ಚಾಮರಾಜ ಒಡೆಯರ ನೆನಪಿಗೆ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಈಗಿನ ಹೆಸರಿಟ್ಟರು; 1826ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಇದು ಜಿಲ್ಲೆಯ ಮುಖ್ಯ ಪಟ್ಟಣವಾಯಿತು.

ಇಂಥ ಊರಿಗೂ ವಿಮಾನಕ್ಕೂ ಎತ್ತಣ ಸಂಬಂಧ ಎನ್ನಬಹುದು. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ವಾಲ್‌ಚಂದ್ ಹೀರಾಚಂದರು ಸ್ಥಾಪಿಸಿದಾಗ ಮೈಸೂರು ಸಂಸ್ಥಾನವು ನೆಲವನ್ನೂ ಹಣವನ್ನೂ ಕೊಟ್ಟಿತು. ಆ ಬೊಕ್ಕಸದಲ್ಲಿ ಈ ತಾಲ್ಲೂಕುಗಳ ರೈತರ ಕಂದಾಯವೂ ಸೇರಿದ್ದಿತು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಅಲ್ಲಿಂದಲೇ ಹಾರಿತು. 1958ರಲ್ಲಿ ಪುಷ್ಪಕ್ ಹಾರಿತು. ಎರಡರದೂ ಗಾಳಿಯಿಂದ ತಂಪಾಗುವ ಎಂಜಿನ್ನು. 1980ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗಾಗಿಯೇ ರಚಿಸಿದ ಲಾಂಗ್-ಈಜಿ ಎಂಬ ವಿಮಾನದ ಮಾದರಿಯನ್ನು ಆಧರಿಸಿ ಗಾಜಿನ ನಾರಿನ ಹಗುರ ವಿಮಾನವೊಂದನ್ನು ಕಟ್ಟಿತು. ಅದರ ಎಂಜಿನ್ನು ಇರುವುದು ಹಿಂದುಗಡೆ. ಪ್ರೊಪೆಲರು ಎಂಜಿನ್ನಿನ ಮೇಲೆ ಗಾಳಿ ಬೀಸದು. ನೆಲದ ಮೇಲೆ ಓಡಾಡುವಾಗಲೂ ಅದು ಬೇಗ ಕಾಯುವುದು. ಲಾಂಗ್-ಈಜಿ ಕಟ್ಟಿದ ಹವ್ಯಾಸಿಗಳು ಹೊಟ್ಟೆಯಡಿಯ ಗಾಳಿಗಂಡಿಯನ್ನು ಎಷ್ಟೋ ಬಗೆಯಾಗಿ ತಿದ್ದಿ ನೋಡಿದ್ದಾರೆ. ಅದೇ ಪ್ರಯೋಗಶಾಲೆ ಬಳಿಕ ರೂಪಿಸಿದ ಹಂಸ ವಿಮಾನದಲ್ಲಿ ರೋಟ್ಯಾಕ್ಸ್ ಎಂಜಿನ್ನಿದೆ. ಅದರ ಸಿಲಿಂಡರಿನ ತಲೆಗೆ ನೀರಿನ ತಂಪು, ಮೈಗೆ ಗಾಳಿಯ ತಂಪು. ಲಾರಿಯ ರೇಡಿಯೇಟರು ವಿಮಾನದ ಕವಚದೊಳಗೂ ಬಂದು ಕುಳಿತಂತಾಯಿತು.

ಚಾಮರಾಜನಗರದ ಜನರು ವಿಮಾನವನ್ನು ತೀರ ಹತ್ತಿರದಿಂದ ಕಂಡ ದಿನವೊಂದುಂಟು. 2023ರ ಜೂನ್ 1ರಂದು ವಾಯುಪಡೆಯ ಕಿರಣ್ ತರಬೇತಿ ವಿಮಾನವೊಂದು ಭೋಗಾಪುರದ ಬಳಿ ಬಯಲಿನಲ್ಲಿ ಬಿದ್ದು ಉರಿಯಿತು. ಅದು ಜೆಟ್ ವಿಮಾನ; ಇಲ್ಲಿ ಹೇಳಿದ ಬಗೆಯ ಎಂಜಿನ್ನೂ ಕವಚವೂ ಅದರದಲ್ಲ. ಒಳಗಿದ್ದ ಇಬ್ಬರೂ ಆಸನ ಸಮೇತ ಹೊರಕ್ಕೆ ಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಹೊಲದಲ್ಲಿ ಯಾರಿಗೂ ಅಪಾಯವಾಗಲಿಲ್ಲ. ಮನೆಯಲ್ಲಿ ಕಟ್ಟಿದ ಪುಟ್ಟ ವಿಮಾನದಲ್ಲಿ ಹಾಗೆ ಚಿಮ್ಮುವ ಆಸನವಿಲ್ಲ. ಅಲ್ಲಿ ಚಾಲಕನನ್ನು ಕಾಪಾಡುವುದು ನೆಲದ ಮೇಲಿರುವಾಗ ಅವನು ತೋರಿದ ತಾಳ್ಮೆ.

ಚಾಮರಾಜನಗರದಿಂದ ದಾರಿ ದಿಂಬಂ ಕಡೆಗೆ ಮುಂದುವರಿಯುತ್ತದೆ. ಕೆಳಗಿನ ಬಯಲಿನಿಂದ 27 ತಿರುವುಗಳನ್ನು ಏರಿ ಬಂದ ಲಾರಿಗಳು ಘಟ್ಟದ ನೆತ್ತಿಯಲ್ಲಿ ನಿಂತು ಸುಧಾರಿಸಿಕೊಳ್ಳುವುದುಂಟು. ಅಲ್ಲಿ ಚಾಲಕನು ಎಂಜಿನ್ನನ್ನು ಒಮ್ಮೆಗೇ ನಿಲ್ಲಿಸುವುದಿಲ್ಲ. ನಿಧಾನವಾಗಿ ತಿರುಗಲು ಬಿಟ್ಟು, ಒಳಗಿನ ಕಾವು ಮೆಲ್ಲಮೆಲ್ಲನೆ ಹೊರಹೋಗುವವರೆಗೆ ಕಾಯುತ್ತಾನೆ. ಬಿಸಿಯಾದ ಮುಚ್ಚಳಕ್ಕೆ ಆತುರದಿಂದ ಕೈ ಹಾಕಬಾರದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.